ಡಿಕ್ಷನರಿ ಬರೆದ ನೋಟಿಸು

ಬಟ್ಟೆ ಕಾರ್ಖಾನೆಯ ಆಫೀಸಿನಲ್ಲಿ ಟೈಪ್ ಮಾಡುತ್ತಿದ್ದ ಅವನನ್ನು ಎಲ್ಲರೂ ಡಿಕ್ಷನರಿ ಎಂದೇ ಕರೆಯುತ್ತಿದ್ದರು. ಹಿಂದೊಮ್ಮೆ ಯಾರೋ ಸಾಹೇಬರು ಅವನು ಇಂಗ್ಲಿಷಿನಲ್ಲಿ ಬರೆದ ಅರ್ಜಿಯನ್ನು ಹತ್ತು ಜನರೆದುರು ಗಟ್ಟಿಯಾಗಿ ಓದಿ ನಕ್ಕಿದ್ದರು. ಅಂದೇ ಹಟ ಹಿಡಿದ. ದಿನಕ್ಕೆ ಹತ್ತು ಇಂಗ್ಲಿಷ್ ಪದ. ಅಂಥಿಂಥವಲ್ಲ, ಓದಿದವರೇ ತಡವರಿಸುವಂಥವು. ಕನ್ನಡಿಯ ತುಂಬ ಚೀಟಿ ಅಂಟಿಸಿ, ಗಡ್ಡ ಕೆರೆಯುತ್ತ ಉರು ಹೊಡೆಯುತ್ತಿದ್ದ.

"ಮುಖ ನೋಡ್ಕೊಳ್ಳೋಕೂ ಜಾಗ ಬಿಟ್ಟಿಲ್ವಲ್ಲೋ ಅಣ್ಣಾ!" ಎಂದು ತಂಗಿ ರೇಗಿಸುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಅವಳು ಅಣ್ಣನ ಮನೆಯಲ್ಲೇ ಇದ್ದಳು. ಅದೇ ಕಾರ್ಖಾನೆಯ ಇಸ್ತ್ರಿ ವಿಭಾಗದಲ್ಲಿ ಕೆಲಸ. ಇಸ್ತ್ರಿಗೆ ಹಬೆ ಕೊಡುವ ಬಾಯ್ಲರಿನ ಗೋಡೆಗೆ ಆತುಕೊಂಡೇ ಅವಳ ಮೇಜು.

ಒಂದು ಮಧ್ಯಾಹ್ನ ಮ್ಯಾನೇಜರು ಅವನನ್ನು ಕರೆದರು. ಬಾಯ್ಲರು ಬಿರುಕು ಬಿಟ್ಟಿದೆ, ಹತ್ತಿರ ಯಾರೂ ಸುಳಿಯದಂತೆ ನೋಟಿಸು ಹಾಕಿ ಎಂದು ತಪಾಸಣೆಗೆ ಬಂದವರು ಹೇಳಿಹೋಗಿದ್ದರಂತೆ.

"ಹಾಕೋಣ. ಆದ್ರೆ ಈ ಆರ್ಡರ್ ಮುಗಿಯೋ ತನಕ ಯಾರೂ ಹೆದರಿ ಕೆಲಸ ಬಿಡ್ಬಾರ್ದು. ಇಂಗ್ಲಿಷಲ್ಲೇ ಇರ್ಲಿ. ನಿನ್ನ ದೊಡ್ಡ ದೊಡ್ಡ ಪದ ಎಲ್ಲ ಹೊರಗೆ ತೆಗಿಯಯ್ಯ."

ಅವನ ಪದಗಳನ್ನು ಯಾರಾದರೂ ಬಾಯಿಬಿಟ್ಟು ಕೇಳಿದ್ದು ಅದೇ ಮೊದಲು. ಹಿಗ್ಗಿಹೋದ. ಆರು ಸಾಲು ಬರೆದ, ಹುಡುಕಿದರೂ ಒಂದು ಸುಲಭದ ಪದವಿಲ್ಲ. ಇಸ್ತ್ರಿಯ ಹೆಂಗಸರು ನೋಟಿಸಿನ ಮುಂದೆ ನಿಂತು, "ನಿಮ್ಮಣ್ಣನ ತಲೆಯೇ ತಲೆ ಕಣೇ!" ಎಂದರು.

"ಏನಂತೆ ಅದು?" ಸಂಜೆ ತಂಗಿ ಕೇಳಿದಳು.

"ಏನಿಲ್ಲ, ಕ್ಲೀನಾಗಿಡಿ ಅಂತ."

ಅವತ್ತಿನಿಂದ ತಂಗಿ ದಿನವೂ ಒಂದೊಂದು ಹೇಳುತ್ತಿದ್ದಳು. ನೆಲ ಗುಂಯ್‌ಗುಡುತ್ತದೆ. ಗೋಡೆಗೆ ಕೈ ಇಡಲಾಗುವುದಿಲ್ಲ. ಮೂರನೆಯ ದಿನ, ಮೇಜಿನ ಮೇಲಿನ ಕತ್ತರಿ ತಾನಾಗೇ ಕುಣಿಯುತ್ತದೆ ಎಂದು ನಕ್ಕಳು.

ನಾಲ್ಕನೆಯ ಬೆಳಿಗ್ಗೆ ಅವನು ಬಾಗಿಲಿಗೆ ಅಡ್ಡ ನಿಂತ. "ಇವತ್ತು ಹೋಗ್ಬೇಡ."

"ಯಾಕೆ? ಒಂದಿನದ ಕೂಲಿ ನೀನು ಕೊಡ್ತೀಯಾ?"

ಬಾಯಿ ತೆರೆದರೆ ಬಂದದ್ದು ನೋಟಿಸಿನ ಪದಗಳೇ.

"ನಂಗರ್ಥ ಆಗೋ ಹಾಗೆ ಬೊಗಳೋ!"

"ಬಾಯ್ಲರ್ ಒಡೆಯುತ್ತೆ ಕಣೇ. ಹತ್ರ ಇದ್ದೋರು ಉಳಿಯಲ್ಲ."

ಅವಳು ಕಣ್ಣು ಮಿಟುಕಿಸದೆ ನೋಡಿದಳು. "ಇಷ್ಟು ಬರೆಯೋಕೆ ಬರ್ಲಿಲ್ವಾ ನಿಂಗೆ? ಅಲ್ಲಿ ಮೂವತ್ತು ಜನ ಇದಾರಲ್ಲೋ!"

ಅವನನ್ನು ತಳ್ಳಿ, ಚಪ್ಪಲಿಯನ್ನೂ ಮೆಟ್ಟದೆ ಕಾರ್ಖಾನೆಯ ಕಡೆಗೇ ಓಡಿದಳು. ಅವನು ಏದುಸಿರು ಬಿಡುತ್ತ ಗೇಟು ಮುಟ್ಟಿದಾಗ ಹೆಂಗಸರು ಒಬ್ಬೊಬ್ಬರಾಗಿ ಹೊರಬೀಳುತ್ತಿದ್ದರು. ತಂಗಿ ಅವರಲ್ಲಿರಲಿಲ್ಲ. ಒಳಗೆ ಸೀಟಿಯಂಥ ಸದ್ದೊಂದು ನಿಲ್ಲದೆ ಏರುತ್ತಿತ್ತು. ಅದರ ನಡುವೆ ಅವಳ ದನಿ: "ಬಾಯ್ಲರ್ ಒಡೆಯುತ್ತೆ, ಓಡ್ರೇ, ಓಡ್ರೇ!"