ಅಂದದ್ದನ್ನೇ ಅನ್ನುವ ನನ್ನ ಮಗಳು

ನನ್ನ ಮೊದಲ ಮಗಳಿಗೆ ಐದು ತುಂಬಿದರೂ ಸ್ವಂತ ಮಾತು ಬಂದಿರಲಿಲ್ಲ. ಹಾಗಂತ ಮೂಕಿಯಲ್ಲ. ನಾವು ಅಂದದ್ದನ್ನೇ, ಅಂದ ಧಾಟಿಯಲ್ಲೇ ತಿರುಗಿ ಅನ್ನುತ್ತಿದ್ದಳು. "ಊಟ ಮಾಡ್ತಿಯೇನವ್ವಾ?" ಎಂದರೆ, ಗೋಡೆಯ ಮೇಲಿನ ಬಿಸಿಲನ್ನು ನೋಡುತ್ತ "ಊಟ ಮಾಡ್ತಿಯೇನವ್ವಾ?" ಎಂದು ನಮ್ಮನ್ನೇ ವಿಚಾರಿಸುತ್ತಿದ್ದಳು.

ನಾನು ಮಕ್ತಲದ ಸರ್ಕಾರಿ ಶಾಲೆಯ ಮಾಸ್ತರ. ನಿಜಾಮರ ಕಾಲ. ಕನ್ನಡ, ತೆಲುಗು ಮನೆಗಳ ಹುಡುಗರಿಗೆ ಉರ್ದು ಪಾಠವನ್ನು ಹತ್ತು ಹತ್ತು ಸಲ ಅನ್ನಿಸಿ ಗಂಟಲು ಒಣಗಿಸಿಕೊಂಡು ಮನೆಗೆ ಬರುತ್ತಿದ್ದೆ. ಅವರಲ್ಲಿ ಒಬ್ಬನಾದರೂ ನನ್ನ ಮಗಳಷ್ಟು ಚೊಕ್ಕವಾಗಿ ಒಪ್ಪಿಸಿದ್ದರೆ ನನಗೆ ಬಡ್ತಿ ಸಿಗುತ್ತಿತ್ತು.

ಮನೆಯಲ್ಲಿ ನನ್ನ ಅವ್ವನದೇ ಆಳ್ವಿಕೆ. ಅಪ್ಪ ಬದುಕಿರುವತನಕ ಆಕೆಯ ಎದುರು ಬಾಯಿ ಬಿಚ್ಚಿದವನಲ್ಲ. ಮೊಮ್ಮಗಳ ವಿಷಯದಲ್ಲಿ ಅವ್ವ ನನ್ನ ಹೆಂಡತಿಯ ಮೇಲೆ ತೀರ್ಪು ಕೊಟ್ಟಾಗಿತ್ತು.

"ಬಸುರಾಗಿದ್ದಾಗ ಬಾವ್ಯಾಗ ಬಗ್ಗಿ ಕೂಗಿರಬೇಕು ನೀ. ಬಾವಿ ದನಿ ಕೂಸಿಗೆ ಹತ್ತೈತಿ."

"ನಾ ಯಾಕ ಬಾವ್ಯಾಗ ಕೂಗಲ್ರೀ ಅತ್ತಿ?"

"ಅದು ನಿನಗ ಗೊತ್ತು."

ಪೊಲೀಸ್ ಆ್ಯಕ್ಷನ್ನಿಗೆ ಮುಂಚಿನ ತಿಂಗಳುಗಳಲ್ಲಿ ಊರಿಗೆ ಊರೇ ಪಿಸುಮಾತಿನಲ್ಲಿ ಬದುಕುತ್ತಿತ್ತು. ಒಂದು ಮುಂಜಾನೆ ನೆರೆಮನೆಯಾತ ಹಿತ್ತಲಿಗೆ ಬಂದು ನನ್ನ ಕಿವಿಯಲ್ಲಿ, "ಮಾಸ್ತರ್ರೇ, ದಂಡು ಬಂತಂತ್ರೀ" ಎಂದ. ಪಕ್ಕದಲ್ಲಿದ್ದ ಮಗಳು ಸೀದಾ ಹೊರಗಿನ ಕಟ್ಟೆಯ ಮೇಲೆ ಹೋಗಿ ನಿಂತು, ಗಂಟಲು ಬಿಚ್ಚಿ, "ಮಾಸ್ತರ್ರೇ, ದಂಡು ಬಂತಂತ್ರೀ!" ಎಂದು ಕೂಗಿದಳು. ಯಾರ ದಂಡು ಎಂದು ಕೇಳುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. ಓಣಿಯ ಬಾಗಿಲುಗಳೆಲ್ಲ ದಡದಡ ಮುಚ್ಚಿದವು. ಕಿರಾಣಿಯವನು ಬೆಲ್ಲವನ್ನು ತಕ್ಕಡಿಯಲ್ಲೇ ಬಿಟ್ಟು ಓಡಿದ. ಅವ್ವ ಜೋಳ ತುಂಬಿಡುವ ಗುಮ್ಮಿಯ ಹಿಂದೆ ಸೇರಿಕೊಂಡಳು. ಸ್ವಲ್ಪ ಹೊತ್ತಿಗೆ ಅದೇ ನೆರೆಯಾತ ಬೆವರುತ್ತ ಮತ್ತೆ ಹಿತ್ತಲಿಗೆ ಬಂದ.

"ಮಾಸ್ತರ್ರೇ, ಖರೇನ ಬಂತಂತ್ರೀ! ಓಣ್ಯಾಗ ಎಲ್ರೂ ಅಂತಾರ!"

ಅಂದಿನಿಂದ ಮಗಳನ್ನು ಹೊರಗೆ ಬಿಡಲಿಲ್ಲ. ಹಿಂದುಸ್ತಾನದ ದಂಡು ನಿಜವಾಗಿ ಬಂದದ್ದು ಭಾದ್ರಪದದಲ್ಲಿ. ನಾಲ್ಕೈದು ದಿನದಲ್ಲಿ ಎಲ್ಲ ಮುಗಿದು, ನಾವು ಯಾವ ದೇಶದವರು ಎಂಬುದೇ ಬದಲಾಯಿತು. ದಸರೆ ಕಳೆದು ಕೃಷ್ಣೆಯ ನೀರು ಇಳಿದ ಮೇಲೆ, ಮಗಳನ್ನು ಗದ್ವಾಲದ ಹಕೀಮರೊಬ್ಬರಿಗೆ ತೋರಿಸಲು ಗಂಡಹೆಂಡತಿ ಹೊರಟೆವು.

ಹೊಳೆಯ ದಂಡೆಯಲ್ಲಿ ಸಿಪಾಯಿಗಳು ಹರಗೋಲು ಹತ್ತುವವರನ್ನೆಲ್ಲ ವಿಚಾರಿಸುತ್ತಿದ್ದರು. ದೊಡ್ಡ ಮೀಸೆಯವನೊಬ್ಬ ನಮ್ಮ ಮುಂದೆ ಬಂದು ಗುಡುಗಿದ.

"ಕಹಾಂ ಸೇ ಆಯೇ ಹೋ?"

ಎಲ್ಲಿಂದ ಬಂದಿರಿ ಎಂದು ಕೇಳಿದ್ದಕ್ಕೆ ನಾನು ಬಾಯಿ ತೆರೆಯುವುದರೊಳಗೆ ಮಗಳು ಅದೇ ಗುಡುಗಿನಲ್ಲಿ, "ಕಹಾಂ ಸೇ ಆಯೇ ಹೋ?" ಎಂದಳು.

"ಚುಪ್!"

"ಚುಪ್!"

ಹೆಂಡತಿ ಮಗಳನ್ನು ಸೆರಗಿನಲ್ಲಿ ಮುಚ್ಚಿದಳು, ಸೆರಗಿನೊಳಗಿಂದಲೂ ಇನ್ನೊಂದು "ಚುಪ್!" ಬಂತು. ಸಿಪಾಯಿ ಬಗ್ಗಿ ಸೆರಗು ಸರಿಸಿ ನೋಡಿದ. ಮೀಸೆ ಅಲುಗಿತು. ಆಮೇಲೆ ಕೈಕಟ್ಟಿ ನೆಟ್ಟಗೆ ನಿಂತು, "ಪಂಜಾಬ್ ಸೇ ಆಯಾ ಹೂಂ, ಬೇಟಿ" ಎಂದು ತನ್ನ ಊರು, ತಾಲೂಕು ಎಲ್ಲ ಅವಳಿಗೆ ಒಪ್ಪಿಸಿದ. ನಮ್ಮನ್ನು ಏನೂ ಕೇಳದೆ ಹರಗೋಲು ಹತ್ತಿಸಿದ.

ಹಕೀಮರು ವಯಸ್ಸಾದವರು. ಮಗಳನ್ನು ಎದುರಿಗೆ ಕೂರಿಸಿಕೊಂಡು, "ಬಾಯಿ ತೆರಿ ಬೇಟಿ, ಆಂ ಅನ್ನು" ಎಂದರು. ಮಗಳೂ ಗಂಭೀರವಾಗಿ, "ಬಾಯಿ ತೆರಿ ಬೇಟಿ, ಆಂ ಅನ್ನು" ಎಂದಳು. ಆ ದನಿಗೆ ಹಕೀಮರು ಬಾಯಿ ತೆರೆದೇಬಿಟ್ಟರು. ಅವರಿಗೆ ಹಿಂದಿನ ಹಲ್ಲು ಮೂರು ಇಲ್ಲದ್ದು ಆಗ ನಮಗೆ ಗೊತ್ತಾಯಿತು.

ಬಹಳ ಹೊತ್ತು ಪರೀಕ್ಷೆ ಮಾಡಿ ಕೊನೆಗೆ, "ನಾಲಿಗಿ ಛಲೋ ಐತಿ, ಕಿವಿನೂ ಛಲೋ ಐತಿ. ಇದು ಏನಂತ ನನಗ ತಿಳೀವಲ್ದು ಮಾಸ್ತರ್ರೇ" ಎಂದರು. ಬರಿಗೈಲಿ ಕಳಿಸಬಾರದೆಂದು ಬಜೆ ಬೇರಿನ ಒಂದು ತುಂಡು ಕೊಟ್ಟು, ಜೇನಿನಲ್ಲಿ ತೇಯ್ದು ನೆಕ್ಕಿಸಲು ಹೇಳಿದರು.

ತಿರುಗಿ ಬರುವಾಗ ಹೊಳೆಯ ಮರಳಿನಲ್ಲಿ ಕೂತಿದ್ದೆವು. ಮಗಳು ನನ್ನ ಅಂಗಿ ಜಗ್ಗಿ, "ನೀರ್ ಬೇಕೇನವ್ವಾ?" ಎಂದಳು.

"ನನಗ ಬ್ಯಾಡ" ಎಂದೆ.

ಹೆಂಡತಿ ಸುಮ್ಮನೆ ತಂಬಿಗೆ ಬಗ್ಗಿಸಿದಳು. ಮಗಳು ಗಟಗಟ ಕುಡಿದಳು.

"ಆಕಿಗೆ ನೀರಡಿಸಿತ್ರೀ" ಎಂದಳು ಹೆಂಡತಿ. "ನಾವು ನೀರ್ ಕೊಡೋ ಮುಂದ ಹಂಗ ಕೇಳ್ತೀವಲ್ಲ, ಅದನ್ನ ಕಲ್ತಾಳ. ಆಕಿ ಏನ್ ಅನಬೇಕೋ ಅದನ್ನ ನಾವ ಅಂದು ತೋರಿಸೂಣು."

ಹದಿನಾರು ವರ್ಷ ಪಾಠ ಹೇಳಿದ ನನಗೆ ಇದು ಹೊಳೆದಿರಲಿಲ್ಲ. ನಾಚಿಕೆಯಾಯಿತು.

ಮರುದಿನದಿಂದ ನಾನು ಮಗಳ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು "ನನಗ ನೀರ್ ಬೇಕು" ಎನ್ನುವುದು, ಹೆಂಡತಿ ನೀರು ಕೊಡುವುದು. ಮೂರನೆಯ ದಿನಕ್ಕೆ, ಹೆಂಡತಿ ಮಾಸ್ತರಿಗೆ ನೀರು ಕೊಡುತ್ತಿಲ್ಲವೆಂದು ಓಣಿಯಲ್ಲಿ ಸುದ್ದಿಯಾಗಿ, ನೆರೆಯಾತನ ಹೆಂಡತಿ ಮರುಕದಿಂದ ಒಂದು ಕೊಡ ತಂದಿಟ್ಟು ಹೋದಳು. ಇನ್ನೊಂದು ದಿನ ಅಂಗಳದಲ್ಲಿ ನಿಂತು, ಸ್ಪಷ್ಟವಾಗಿ, "ನನಗ ಉಚ್ಚಿ ಬಂದೈತಿ!" ಎಂದು ಹೇಳಿಕೊಡುತ್ತಿದ್ದೆ. ಇನ್ನು ಮುಂದೆ ಕನ್ನಡದಲ್ಲೇ ಪಾಠ ಹೇಳಬೇಕೆಂಬ ಹೊಸ ಸರ್ಕಾರದ ಆರ್ಡರು ಹಿಡಿದು ಚಪರಾಸಿ ಬಾಗಿಲಲ್ಲೇ ನಿಂತಿದ್ದ.

"ಹೋಗಿ ಬರ್ರಿ ಸಾಹೇಬ್ರ, ನಾ ನಿಂದರ್ತೀನಿ" ಎಂದ.

ಚಳಿ ಕಳೆಯುವುದರೊಳಗೆ ಮಗಳು ನೀರು ಕೇಳತೊಡಗಿದಳು, ರೊಟ್ಟಿ ಕೇಳತೊಡಗಿದಳು. ಎಲ್ಲವೂ ನಾವು ಕಲಿಸಿದ್ದೇ, ನಮ್ಮದೇ ದನಿ.

ಒಂದು ಮಧ್ಯಾಹ್ನ ಅವ್ವ ಪಡಸಾಲೆಯಲ್ಲಿ ಕಾಲು ಚಾಚಿ, ಸೊಸೆಯ ತವರುಮನೆಯವರನ್ನು ಒಬ್ಬೊಬ್ಬರನ್ನಾಗಿ ಎಳೆದು ಬಯ್ಯುತ್ತಿದ್ದಳು. ಮೂಲೆಯಲ್ಲಿ ಕವಡೆ ಜೋಡಿಸುತ್ತಿದ್ದ ಮಗಳು ಎರಡೂ ಕಿವಿ ಮುಚ್ಚಿಕೊಂಡು ಹೇಳಿದಳು:

"ಅಜ್ಜಿ, ಸುಮ್ಕ ಕುಂದ್ರು."

ಹೆಂಡತಿ ಅಡುಗೆಮನೆಯಿಂದ ಹಿಟ್ಟಿನ ಕೈಯಲ್ಲೇ ಓಡಿಬಂದಳು. ಅವ್ವ ನಮ್ಮಿಬ್ಬರ ಮುಖವನ್ನೂ ನೋಡಿದಳು.

"ಇದನ್ನ ಯಾರ್ ಕಲಿಸೀರಿ?"

"ನಾವಲ್ಲವ್ವಾ" ಎಂದೆ.

"ಅಲ್ಲ. ನಿಮಗ ಅಷ್ಟು ಧೈರ್ಯ ಎಲ್ಲೈತಿ?" ಎಂದಳು ಅವ್ವ. ಎದ್ದು, ಸೆರಗು ಸರಿಮಾಡಿಕೊಂಡು, ಚಪ್ಪಲಿಯನ್ನೂ ಮೆಟ್ಟದೆ ಓಣಿಗೆ ಇಳಿದಳು. ಸಂಜೆಯತನಕ ಮನೆಮನೆಗೂ ಹೋಗಿ, ಮೊಮ್ಮಗಳು ಯಾರೂ ಕಲಿಸದೆ ತನಗೆ ಸುಮ್ಮನೆ ಕೂರಲು ಹೇಳಿದ್ದನ್ನು ಹೇಳಿ ಬಂದಳು.