ಉಗುರಿನ ಮೇಲೊಂದು ಚುಕ್ಕಿ

ನನ್ನ ಚಿಕ್ಕಮ್ಮ ಕಾಪುವಿನ ಮೀನು ಮಾರ್ಕೆಟ್ಟಿನಲ್ಲಿ ಮೀನು ಮಾರುತ್ತಾರೆ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಅವರ ಎಡಗೈ ಐಸಿನಲ್ಲೇ ಇರುತ್ತದೆ. ಆ ಕೈಯ ಉಂಗುರಬೆರಳಿನಲ್ಲಿ ನೋವು ಶುರುವಾದದ್ದು ಚಿಕ್ಕಪ್ಪ ತೀರಿಕೊಂಡ ವರ್ಷ. ಐಸ್ ತಾಗಿದರೆ ಸಾಕು, ಉಗುರಿನಡಿಯಿಂದ ಭುಜದವರೆಗೆ ಸೆಳೆತ ಓಡುತ್ತಿತ್ತಂತೆ. ಹೊರಗಿನಿಂದ ನೋಡಿದರೆ ಬಾವಿಲ್ಲ, ಗಾಯವಿಲ್ಲ.

ಎಕ್ಸ್‌ರೇಯಲ್ಲೂ ಏನೂ ಕಾಣಲಿಲ್ಲ. ಉಡುಪಿಯ ಒಂದು ಕ್ಲಿನಿಕ್ಕಿನಲ್ಲಿ ನರಕ್ಕೆಂದು ಮಾತ್ರೆ ಕೊಟ್ಟರು. ಇನ್ನೊಂದರಲ್ಲಿ ನನ್ನನ್ನು ಪಕ್ಕಕ್ಕೆ ಕರೆದು, "ಗಂಡ ಹೋದ ದುಃಖ ಅಲ್ವಾ, ಕೆಲವರಿಗೆ ಹೀಗೆ ಮೈಯಲ್ಲಿ ಕಾಣಿಸ್ತದೆ" ಎಂದರು. ಅದು ನನಗೆ ಸರಿಯೆನಿಸಿತು. ಕಾರ್ಕಳದ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ನಾನು ಚಿಕ್ಕಮ್ಮನಿಗೆ ಪ್ರಾಣಾಯಾಮ ಹೇಳಿಕೊಟ್ಟೆ. ಅವರು ಶ್ರದ್ಧೆಯಿಂದ ಮಾಡಿದರು. ನೋವು ಹೋಗಲಿಲ್ಲ.

ಆದರೂ ವ್ಯಾಪಾರ ಬಿಡಲಿಲ್ಲ. ಬೆರಳಿಗೆ ಬಟ್ಟೆ ಸುತ್ತಿ, ಮೇಲೆ ಪ್ಲಾಸ್ಟಿಕ್ ಕಟ್ಟಿ, ಆ ಒಂದು ಬೆರಳನ್ನು ಎತ್ತಿ ಹಿಡಿದೇ ಬಂಗುಡೆ ಕತ್ತರಿಸುತ್ತಿದ್ದರು. "ಎಂತ ಸ್ಟೈಲು ಅಕ್ಕ" ಎಂದು ಗಿರಾಕಿಗಳು ನಗುತ್ತಿದ್ದರು. ಅವರೂ ನಗುತ್ತಿದ್ದರು. ಹೀಗೆ ಆರು ವರ್ಷ.

ಒಂದು ಭಾನುವಾರ ನಾನು ಹೋದಾಗ ಅವರು ಅಂಗಳದಲ್ಲಿ ಕೂತು ಬೆಂಕಿಕಡ್ಡಿಯ ತುದಿಯಿಂದ ಉಗುರನ್ನು ಒತ್ತಿ ಒತ್ತಿ ನೋಡುತ್ತಿದ್ದರು.

"ಎಲ್ಲ ಕಡೆ ಇಲ್ಲ ಮಾರಾಯ್ತಿ. ಇಲ್ಲಿ ಮಾತ್ರ ಉಂಟು" ಎಂದು ನನ್ನ ಪೆನ್ನು ಕೇಳಿ ತೆಗೆದುಕೊಂಡು ಉಗುರಿನ ಮೇಲೆ ಒಂದು ಚುಕ್ಕಿ ಇಟ್ಟರು. "ದುಃಖ ಇಷ್ಟು ಸಣ್ಣ ಜಾಗದಲ್ಲಿ ಕೂತುಕೊಳ್ತದಾ?"

ಮರುದಿನವೇ ರಜೆ ಹಾಕಿ ಅವರನ್ನು ಮಣಿಪಾಲಕ್ಕೆ ಕರೆದುಕೊಂಡು ಹೋದೆ.

ಅಲ್ಲಿ ಕೈಯ ಶಸ್ತ್ರಚಿಕಿತ್ಸೆ ಮಾಡುವ ವೈದ್ಯೆ ನನಗಿಂತ ಚಿಕ್ಕವರು. ಚಿಕ್ಕಮ್ಮ ಬೆರಳು ಚಾಚಿ, "ಇಲ್ಲಿ ಉಂಟು ಡಾಕ್ಟ್ರೇ. ಚುಕ್ಕಿ ನಾನೇ ಹಾಕಿದ್ದು" ಎಂದರು. ವೈದ್ಯೆ ನಗಲಿಲ್ಲ. ಪೆನ್ನಿನ ತುದಿಯಿಂದ ಚುಕ್ಕಿಯ ಪಕ್ಕದಲ್ಲಿ ಒತ್ತಿದರು, ಏನೂ ಆಗಲಿಲ್ಲ. ಚುಕ್ಕಿಯ ಮೇಲೆ ಒತ್ತಿದರು. ಚಿಕ್ಕಮ್ಮ ಕಿರುಚಿ ಕೈ ಎಳೆದುಕೊಂಡರು. ಆಮೇಲೆ ಬಿಪಿ ನೋಡುವ ಪಟ್ಟಿಯನ್ನು ತೋಳಿಗೆ ಬಿಗಿದು, ಕೈಗೆ ರಕ್ತ ಹರಿಯದಂತೆ ಮಾಡಿ, ಮತ್ತೆ ಅಲ್ಲೇ ಒತ್ತಿದರು. ಈ ಸಲ ನೋವೇ ಇಲ್ಲ.

"ಇದು ಗ್ಲೋಮಸ್ ಗೆಡ್ಡೆ ಅಂತ ಕಾಣ್ತದೆ ಅಮ್ಮ. ಉಗುರಿನಡಿ ಸಣ್ಣ ರಕ್ತನಾಳದಲ್ಲಿ ಬೆಳೆಯುವ ಗಂಟು, ರಕ್ತ ನಿಂತರೆ ನೋವೂ ನಿಲ್ತದೆ. ಅಪರೂಪ. ಕ್ಯಾನ್ಸರ್ ಅಲ್ಲ. ಸ್ಕ್ಯಾನ್ ಮಾಡಿ ನೋಡುವ."

ಚಿಕ್ಕಮ್ಮ ಅಳತೊಡಗಿದರು. ಹೆದರಬೇಡಿ ಎಂದರು ವೈದ್ಯೆ.

"ಹೆದರಿ ಅಲ್ಲ. ಇದಕ್ಕೊಂದು ಹೆಸರು ಉಂಟಲ್ಲ, ಅದಕ್ಕೆ."

ಸ್ಕ್ಯಾನಿನಲ್ಲಿ ಗೆಡ್ಡೆ ಕಂಡಿತು. ಕೈಯನ್ನಷ್ಟೇ ಮರಗಟ್ಟಿಸಿ, ಉಗುರೆತ್ತಿ ಅದನ್ನು ತೆಗೆದರು. ಎಚ್ಚರವಾಗಿಯೇ ಇದ್ದ ಚಿಕ್ಕಮ್ಮ ತನಗೆ ತೋರಿಸಲೇಬೇಕೆಂದು ಹಠ ಹಿಡಿದರಂತೆ. ಸಾಸಿವೆಗಿಂತ ತುಸು ದೊಡ್ಡದು. "ಇಷ್ಟೆಯಾ!" ಎಂದು ನಕ್ಕುಬಿಟ್ಟರಂತೆ.

ಊರಿಗೆ ಮರಳುವಾಗ ಬಸ್ಸು ಕಟಪಾಡಿ ದಾಟಿದ ಮೇಲೆ ಅವರು ಮೆಲ್ಲಗೆ ಕೇಳಿದರು. "ನೀನೂ ನಂಬಿರ್ಲಿಲ್ಲ ಅಲ್ವಾ?"

"ಇಲ್ಲ ಚಿಕ್ಕಮ್ಮ."

"ಅಡ್ಡಿಯಿಲ್ಲ. ನಡುವಲ್ಲಿ ಒಂದು ವರ್ಷ ನಾನೂ ನಂಬಿರ್ಲಿಲ್ಲ. ಮರುಳು ಹಿಡಿಯಿತೋ ಅಂತ ಇತ್ತು." ಅಷ್ಟು ಹೇಳಿ ಬ್ಯಾಂಡೇಜಿನ ಕೈಯನ್ನು ನನ್ನ ಮಡಿಲಲ್ಲಿಟ್ಟು ನಿದ್ದೆ ಹೋದರು. ಅವರ ಆರು ವರ್ಷಗಳ ಎದುರು ನನ್ನ ವಿಜ್ಞಾನ ಬಹಳ ಸಣ್ಣದಾಗಿ ಕಂಡಿತು.

ಹೊಸ ಉಗುರು ಬರಲು ತಿಂಗಳುಗಳೇ ಹಿಡಿದವು. ಸ್ವಲ್ಪ ಸೊಟ್ಟಗೆ ಬಂತು. ಗೆಡ್ಡೆ ಮತ್ತೆ ಬರಲೂಬಹುದು ಎಂದು ವೈದ್ಯೆ ಹೇಳಿದ್ದಾರೆ. ಇದುವರೆಗೆ ಬಂದಿಲ್ಲ. ಕಳೆದ ವಾರ ಚಿಕ್ಕಮ್ಮ ಫೋನ್ ಮಾಡಿದ್ದರು. ಹತ್ತಿರದ ಮಟ್ಟು ಊರಿನಲ್ಲಿ ಬೀಡಿ ಕಟ್ಟುವ ಒಬ್ಬ ಹೆಂಗಸಿಗೆ ಮಣಿಕಟ್ಟಿನಲ್ಲಿ ನೋವಂತೆ. ನಾಟಕ ಮಾಡುತ್ತಾಳೆಂದು ಮನೆಯವರು ಬೈಯುತ್ತಾರಂತೆ.

"ಸೋಮವಾರ ಮೀನಿನ ವ್ಯಾಪಾರ ಹೇಗೂ ಕಮ್ಮಿ. ನಾನೇ ಮಣಿಪಾಲಕ್ಕೆ ಕರ್ಕೊಂಡು ಹೋಗ್ತೇನೆ" ಎಂದರು.