ಹುಣಸೆಹುಳಿಯಲ್ಲಿ ಮಿಂದ ಮಹಾರಾಜರು

ನನಗೆ ಮದುವೆಯಾಯಿತು, ಅಪ್ಪ ಶಿವಾಜಿ ಮಹಾರಾಜರ ಬೆಳ್ಳಿ ನಾಣ್ಯವನ್ನು ನನಗೇ ಕೊಟ್ಟುಬಿಟ್ಟರು! ಇವತ್ತು ಉಡುಪಿಯಲ್ಲಿ ಅತ್ತೆ ದೀಪ ತೊಳೆಯಲು ಹುಣಸೆಹುಳಿ ಕಿವುಚಿದರು. ಆ ವಾಸನೆಗೆ ನಾನು ಮುಂಬೈ ಬಳಿಯ ಡೊಂಬಿವಲಿಯ ನಮ್ಮ ಪುಟ್ಟ ಅಡುಗೆಮನೆ ಸೇರಿಬಿಟ್ಟೆ.

ಅಪ್ಪ ಹೋಟೆಲಿನಲ್ಲಿ ಕ್ಯಾಶಿಯರ್. ರಜೆಯ ದಿನ ರಾಜರಾಣಿಯರ ಸ್ಮರಣೆಯ ಬೆಳ್ಳಿ ನಾಣ್ಯಗಳನ್ನು ಬಿಳಿ ಪಂಚೆಯ ಮೇಲೆ ಹರಡಿ, ಅಂಚನ್ನಷ್ಟೇ ಹಿಡಿದು ನೋಡುತ್ತಿದ್ದರು. ನಾನು ಚಿಕ್ಕವಳಿದ್ದಾಗ ಒಂದು ದೀಪಾವಳಿಗೆ, ನಾಣ್ಯದಲ್ಲಿದ್ದ ಶಿವಾಜಿ ಮಹಾರಾಜರು ಕಪ್ಪಾಗಿದ್ದಾರೆಂದು ನಾನು ಹುಣಸೆಹುಳಿ ಹಾಕಿ ಉಜ್ಜಿ ಫಳಫಳ ಹೊಳೆಯಿಸಿದೆ.

"ಎಂಥ ಮಾಡಿದ್ದು ಮಾರಾಯ್ತಿ! ಆ ಕಪ್ಪು ಬರ್ಲಿಕ್ಕೆ ಎಷ್ಟು ವರ್ಷ ಬೇಕು ಗೊತ್ತುಂಟಾ? ಉಜ್ಜಿದ ನಾಣ್ಯವನ್ನು ಯಾರೂ ಸಂಗ್ರಹಕ್ಕೆ ತಗೊಳ್ಳುದಿಲ್ಲ," ಎಂದರು ಅಪ್ಪ.

ನಾನು ಅಳತೊಡಗಿದೆ. ಅಪ್ಪ ಅದನ್ನು ಬೇರೆ ಡಬ್ಬಿಗೆ ಹಾಕಿದರು. "ಆಯ್ತು, ಇದು ನಿಂದೇ. ನಿನ್ನ ಮದುವೆಯಷ್ಟೊತ್ತಿಗೆ ಮತ್ತೆ ಕಪ್ಪಾಗ್ತದೆ."

ಹಾಗೆಯೇ ಆಯಿತು! ಈಗ ಮಹಾರಾಜರ ಗಡ್ಡದ ಗೆರೆಗಳಲ್ಲೆಲ್ಲ ಕಪ್ಪು ಕೂತಿದೆ. ದೇವರ ಕೋಣೆಯಲ್ಲಿ ನಾನಿಟ್ಟಿದ್ದ ಅದನ್ನೂ ಅತ್ತೆ ದೀಪದ ಜೊತೆ ತೊಳೆಯಲು ಎತ್ತಿಕೊಂಡಾಗ, "ಅತ್ತೇ, ಬೇಡ!" ಎಂದು ಕೂಗಿಯೇ ಬಿಟ್ಟೆ. ಕಥೆ ಕೇಳಿ ನಕ್ಕು, ತೊಳೆಯದೆಯೇ ದೇವರ ಮುಂದಿಟ್ಟರು.

ಅಪ್ಪಾ, ಈ ಸಲ ಕಾಪಾಡಿದ್ದೇನೆ. ನಿಮಗೆ ತೋರಿಸಲು ಮಹಾರಾಜರನ್ನು ಕರೆದುಕೊಂಡು, ಭಾನುವಾರ ಬೆಳಿಗ್ಗೆ ಮತ್ಸ್ಯಗಂಧ ರೈಲಿನಿಂದ ಠಾಣೆ ಸ್ಟೇಷನ್ನಿನಲ್ಲಿ ಇಳಿಯುತ್ತೇನೆ.